ಬಾಗಬೇಕಿದ್ದ ಗೂಟ

ರೋಬೋಟಿನ ತೋಳನ್ನು ನೋಡಲು ಬಂದವರು ಯಾರೂ ಸ್ಟಾಪರನ್ನು ನೋಡುವುದಿಲ್ಲ. ತೋಳು ಏಳುತ್ತದೆ, ಬಾಗುತ್ತದೆ, ಕಬ್ಬಿಣದ ಗಟ್ಟಿಯನ್ನು ಹೂವಿನ ಹಾಗೆ ಎತ್ತಿ ಆಚೆ ಇಡುತ್ತದೆ. ಬಂದವರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಹೋಗುತ್ತಾರೆ. ತೋಳಿನ ಬುಡದಲ್ಲಿ, ಹಿಂಬದಿಗೆ, ಕಪ್ಪು ರಬ್ಬರಿನ ಟೋಪಿ ಹಾಕಿಕೊಂಡು ಗಿಡ್ಡಗೆ ನಿಂತಿರುವ ಒಂದು ಗೂಟವಿರುತ್ತದೆ. ಅದೇ ಸ್ಟಾಪರ್. ಕಂಪ್ಯೂಟರಿಗೆ ತಲೆಕೆಟ್ಟು ತೋಳು ಹೋಗಬಾರದ ಕಡೆ ಹೋದರೆ ಅದನ್ನು ತಡೆಯುವ ಕಟ್ಟಕಡೆಯ ವಸ್ತು ಅದು. ವೈರು, ಸೆನ್ಸರು, ಪ್ರೋಗ್ರಾಮು ಎಲ್ಲ ಕೈಕೊಟ್ಟ ಮೇಲೆ ಉಳಿಯುವುದು ಆ ಗೂಟವೊಂದೇ. ಅದು ಕೆಲಸ ಮಾಡಿದ ದಿನವೇ ಅದರ ಆಯುಷ್ಯವೂ ಮುಗಿಯುತ್ತದೆ. ಬಿಚ್ಚಿ ಎಸೆದು ಹೊಸದನ್ನು ಹಾಕುತ್ತಾರೆ. ಇಂಥದ್ದರ ಪಕ್ಕ ನಿಂತು ಯಾರು ಫೋಟೋ ತೆಗೆಸಿಕೊಳ್ಳುತ್ತಾರೆ ಹೇಳಿ.

ಆ ಗೂಟಗಳ ಲೆಕ್ಕ ಹಾಕಿ ಡ್ರಾಯಿಂಗು ಮಾಡಿಕೊಡುವುದು ಅವಳ ಕೆಲಸ. ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಸ್ಟಾಪರಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಅಕ್ಕ ಅನ್ನುತ್ತಿದ್ದರು. ಒಂದೆರಡು ಸಲ ಮುಖ ಊದಿಸಿಕೊಂಡು ನೋಡಿದಳು, ಆಮೇಲೆ ಅದಕ್ಕೇ ಓಗೊಡಲು ಕಲಿತಳು.

ಹೊಸಬರು ಬಂದಾಗ ಅವಳು ಹೇಳುತ್ತಿದ್ದ ಮೊದಲ ಪಾಠ ಒಂದೇ. ಗೋಡೆಯ ಹಾಗೆ ನಿಲ್ಲುವ ಸ್ಟಾಪರು ಸ್ಟಾಪರೇ ಅಲ್ಲ. ಟೋಪಿಯ ಕೆಳಗೆ ಗೂಟಕ್ಕೆ ಒಂದು ಸಣ್ಣ ಕುತ್ತಿಗೆ ಇರಬೇಕು. ತೋಳು ರಭಸದಿಂದ ಬಂದು ಬಡಿದಾಗ ಆ ಕುತ್ತಿಗೆ ಬಾಗಬೇಕು. ಬಾಗುತ್ತ ಬಾಗುತ್ತ ಏಟನ್ನು ತನ್ನೊಳಗೆ ಎಳೆದುಕೊಳ್ಳಬೇಕು. ಬಾಗದೆ ಸೆಟೆದು ನಿಂತರೆ ಏಟು ಮಾಯವಾಗುವುದಿಲ್ಲ, ವಾಪಸು ತೋಳಿನೊಳಗೇ ಹೋಗಿ ಅದರ ಗೇರಿನ ಹಲ್ಲು ಮುರಿಯುತ್ತದೆ. ಕುತ್ತಿಗೆ ತೀರ ಸಣ್ಣದಾದರೆ ತೋಳು ನಿಲ್ಲುವುದಿಲ್ಲ, ತೀರ ದಪ್ಪವಾದರೆ ತೋಳು ಉಳಿಯುವುದಿಲ್ಲ. ಅವಳ ದಿನವೆಲ್ಲ ಈ ಎರಡರ ನಡುವಿನ ಕೂದಲೆಳೆಯಷ್ಟು ಜಾಗವನ್ನು ಹುಡುಕುವುದರಲ್ಲೇ ಕಳೆಯುತ್ತಿತ್ತು.

ಅವಳ ತಮ್ಮ ಅದೇ ಕಾರ್ಖಾನೆಯಲ್ಲಿ ತೋಳುಗಳಿಗೆ ಪಾಠ ಹೇಳುವವನು. ಬೇಲಿಯೊಳಗೆ ಹೋಗಿ, ಬಟನ್ನುಗಳ ಹಲಗೆಯೊಂದನ್ನು ಕೈಯಲ್ಲಿ ಹಿಡಿದು, ತೋಳನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತ ಇಲ್ಲಿ ನಿಲ್ಲು, ಇಲ್ಲಿ ಹಿಡಿ, ಇಲ್ಲಿ ಬಿಡು ಎಂದು ಕಲಿಸುವ ಕೆಲಸ. ತೋಳಿನ ಸುತ್ತ ತಂತಿಬೇಲಿ ಇರುವುದೇ ಮನುಷ್ಯರು ಹತ್ತಿರ ಹೋಗದಿರಲಿ ಅಂತ. ಕಲಿಸುವವನಿಗೆ ಮಾತ್ರ ಆ ಭಾಗ್ಯವಿಲ್ಲ. ಅವನು ಸಾಮಾನ್ಯವಾಗಿ ತೋಳಿನ ಬೆನ್ನ ಹಿಂದೆ, ನೆಲದ ಮೇಲೆ ಎಳೆದ ಹಳದಿ ಗೆರೆಯ ಆಚೆ, ಸ್ಟಾಪರಿಗೆ ಹತ್ತಿರವಾಗಿ ನಿಲ್ಲುತ್ತಿದ್ದ. ಹಾಗಾಗಿ ಯಾವ ಗೂಟದ ಲೆಕ್ಕ ಹಾಕುವಾಗಲೂ ಅವಳ ಕಣ್ಣ ಮುಂದೆ ಬರುತ್ತಿದ್ದದ್ದು ತೋಳಲ್ಲ, ತಮ್ಮನ ತಲೆ.

ಆ ಗೂಟಗಳನ್ನು ಲೇತಿನ ಮೇಲೆ ಕಡೆಯುತ್ತಿದ್ದವರು ಅಪ್ಪ. ಅದೇ ಶೆಡ್ಡಿನ ಇನ್ನೊಂದು ತುದಿಯಲ್ಲಿ, ಕಿಟಕಿಯ ಪಕ್ಕದ ಲೇತು ಅವರದು. ಅವರು ಕಡೆದ ತುಂಡಿಗೆ ಯಾರೂ ವರ್ನಿಯರ್ ಹಚ್ಚಿ ಅಳೆಯುತ್ತಿರಲಿಲ್ಲ. ಇದು ಎಲ್ಲೂ ಬರೆದಿಟ್ಟ ನಿಯಮವಲ್ಲ. ಬೇರೆಯವರ ಕೆಲಸವನ್ನು ಅಳೆದು ಬೈಯುವ ತಪಾಸಣೆಯವನೂ ಅಪ್ಪನ ತುಂಡನ್ನು ಒಂದು ಸಲ ಬೆರಳಲ್ಲಿ ಸವರಿ, ತಲೆಯಾಡಿಸಿ, ಮುಂದಕ್ಕೆ ಕಳಿಸುತ್ತಿದ್ದ. ಅಳೆಯುವುದು ಅವರಿಗೆ ಅವಮಾನ ಮಾಡಿದಂತೆ ಎಂಬುದು ಶೆಡ್ಡಿನಲ್ಲಿ ಎಲ್ಲರ ಭಾವನೆ. ಮಗಳೂ ಅಳೆದವಳಲ್ಲ.

ಮೂವರೂ ಇರುವುದು ಒಂದೇ ಮನೆಯಲ್ಲಿ. ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಬರುತ್ತಾರೆ, ಸಂಜೆ ಒಂದೇ ಬಸ್ಸಿನಲ್ಲಿ ಹೋಗುತ್ತಾರೆ. ಅಪ್ಪ ಮುಂದಿನ ಸೀಟಿನಲ್ಲಿ, ಮಗ ಕೊನೆಯ ಸೀಟಿನಲ್ಲಿ, ಅವಳು ನಡುವೆ ಎಲ್ಲೋ ಒಂದು ಕಡೆ.

ಅಪ್ಪ ಮಗ ಮಾತು ಬಿಟ್ಟು ವರ್ಷದ ಮೇಲಾಗಿತ್ತು. ಅದಕ್ಕೂ ಮುಂಚೆ ಮಹಾ ಮಾತಾಡುತ್ತಿದ್ದರು ಅಂದುಕೊಳ್ಳಬೇಡಿ. ಇಬ್ಬರೂ ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡೇ ಹುಟ್ಟಿದವರು. ಅಮ್ಮ ಇದ್ದಾಗ ಅಪ್ಪ ಬಾಯಿ ತೆರೆದರೆ ಅವಳಿಗೆ "ನಿನ್ನ ಮಗನಿಗೆ ಹೇಳು" ಎಂದು ಶುರು ಮಾಡುತ್ತಿದ್ದರು. ಮಗ "ನಿನ್ನ ಗಂಡನಿಗೆ ಹೇಳು" ಎನ್ನುತ್ತಿದ್ದ. ಇಬ್ಬರೂ ಒಂದೇ ಕೋಣೆಯಲ್ಲಿ ಎದುರುಬದುರು ಕೂತಿರುತ್ತಿದ್ದರು, ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ನೇರವಾಗಿಯೇ ಬೀಳುತ್ತಿತ್ತು, ಆದರೂ ಅದು ಅಮ್ಮನ ಬಾಯಿಯಿಂದ ಹಾದು ಬರಬೇಕು. ಅಮ್ಮ ಇಬ್ಬರ ಮಾತನ್ನೂ ಸಾಗಿಸುತ್ತಿದ್ದಳು. ಅಪ್ಪ ಬೈದದ್ದು ಮಗನನ್ನು ಮುಟ್ಟುವಷ್ಟರಲ್ಲಿ ಬುದ್ಧಿಮಾತಾಗಿರುತ್ತಿತ್ತು. ಮಗ ಸಿಡುಕಿದ್ದು ಅಪ್ಪನನ್ನು ಮುಟ್ಟುವಷ್ಟರಲ್ಲಿ "ಆಯ್ತಂತೆ" ಎಂದಾಗಿರುತ್ತಿತ್ತು. ಮಿಕ್ಕದ್ದನ್ನೆಲ್ಲ ಅವಳೇ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು.

ಮನೆಯ ಮುಂದಿನ ಕೋಣೆಯಲ್ಲಿ ಅಪ್ಪನದೇ ಒಂದು ಪುಟ್ಟ ಲೇತಿತ್ತು. ನೆಲಕ್ಕೆ ನಾಲ್ಕು ಬೋಲ್ಟು ಹಾಕಿ ಕೂರಿಸಿದ್ದು. ಅವರು ಕೆಲಸ ಕಲಿತದ್ದೇ ಅದರ ಮೇಲೆ. ಅಮ್ಮ ಹಾಸಿಗೆ ಹಿಡಿದಾಗ, ಬಿಸಿಲು ಬರುವ ಕಡೆ ಮಲಗಿಸಿ ಎಂದರು ಡಾಕ್ಟರು. ಬಿಸಿಲು ಬರುತ್ತಿದ್ದದ್ದು ಆ ಕೋಣೆಗೆ ಮಾತ್ರ. ಅಪ್ಪ ಕೆಲಸಕ್ಕೆ ಹೋಗಿದ್ದ ಒಂದು ದಿನ ತಮ್ಮನೇ ಬೋಲ್ಟು ಬಿಚ್ಚಿ, ಲೇತನ್ನು ಗುಜರಿಯವರಿಗೆ ಹೊರಿಸಿ, ಅಲ್ಲಿ ಅಮ್ಮನ ಮಂಚ ಹಾಕಿದ. ಕೇಳಿದ್ದರೆ ಅಪ್ಪ ಬೇಡ ಅನ್ನುತ್ತಿರಲಿಲ್ಲ, ಅದು ಅವನಿಗೂ ಗೊತ್ತಿತ್ತು. ಕೇಳಲಿಲ್ಲ, ಅಷ್ಟೇ. ಅಪ್ಪ ಸಂಜೆ ಬಂದು ಮಂಚದ ಕೆಳಗಿನ ನಾಲ್ಕು ತೂತುಗಳನ್ನು ನೋಡಿದರು. ಮಂಚದ ಮೇಲೆ ಅಮ್ಮ ಇದ್ದಳು, ಕೂಗಾಡುವ ಹಾಗಿರಲಿಲ್ಲ. ಅವತ್ತು ನುಂಗಿದ ಮಾತು ಅವರ ಗಂಟಲಲ್ಲೇ ಉಳಿಯಿತು. ಅಮ್ಮ ಆ ಬಿಸಿಲಿನಲ್ಲಿ ಹೆಚ್ಚು ಕಾಲ ಇರಲಿಲ್ಲ. ಅವಳು ಹೋದ ಮೇಲೆ ಮಂಚ ತೆಗೆದರು. ತೂತುಗಳು ಹಾಗೇ ಉಳಿದವು.

ಮಾತು ಸಾಗಿಸುವ ಕೆಲಸ ಮಗಳಿಗೆ ಬಂತು. ಯಾರೂ ವಹಿಸಲಿಲ್ಲ, ಅದಾಗಿಯೇ ಬಂತು. "ನಿನ್ನ ತಮ್ಮನಿಗೆ ಹೇಳು" ಎನ್ನುತ್ತಿದ್ದರು ಅಪ್ಪ. "ಅಕ್ಕ, ಅಪ್ಪನಿಗೆ ಹೇಳು" ಎನ್ನುತ್ತಿದ್ದ ತಮ್ಮ. ಮದುವೆಯ ಮಾತು ಬಂದಾಗಲೆಲ್ಲ ಅವಳು "ಇವರಿಬ್ಬರನ್ನು ಬಿಟ್ಟು ಎಲ್ಲಿಗೆ ಹೋಗಲಿ" ಎಂದು ನಗುತ್ತಿದ್ದಳು. ನಗು ವರ್ಷದಲ್ಲೇ ಸವೆದಿತ್ತು.

ಹೀಗಿರುವಾಗ ಕಾರ್ಖಾನೆಯಲ್ಲಿ ಒಂದು ದೊಡ್ಡ ತೋಳು ತಯಾರಾಯಿತು. ಅದುವರೆಗಿನ ಎಲ್ಲಕ್ಕಿಂತ ಎತ್ತರ, ಎಲ್ಲಕ್ಕಿಂತ ಭಾರ. ಕತ್ತು ಚಾಚಿ ನಿಲ್ಲುವ ಅದರ ಠೀವಿ ನೋಡಿ ಶೆಡ್ಡಿನವರು ಕೊಕ್ಕರೆ ಎಂದು ಹೆಸರಿಟ್ಟರು. ಅದರ ಭುಜದ ಗೂಟಕ್ಕೆ ಸ್ಟಾಪರಕ್ಕ ವಾರಗಟ್ಟಲೆ ಲೆಕ್ಕ ಹಾಕಿದಳು. ಡ್ರಾಯಿಂಗನ್ನು ಅಪ್ಪನ ಲೇತಿನ ಮೇಲೆ ಹರಡಿ, ಕುತ್ತಿಗೆ ಯಾಕೆ ಅಷ್ಟು ಸಣ್ಣಗಿದೆ, ಎಷ್ಟು ಬಾಗುತ್ತದೆ, ಬಾಗಿದರೂ ತೋಳು ಹಳದಿ ಗೆರೆ ಮುಟ್ಟುವುದಿಲ್ಲ ಎಂದೆಲ್ಲ ಹೇಳಿದಳು. ಅಪ್ಪ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಇಷ್ಟು ಸಣ್ಣದಾ" ಎಂದರು.

"ಅಷ್ಟೇ ಬೇಕಪ್ಪ. ಬಾಗಲಿ ಅಂತಲೇ ಮಾಡೋದು."

ಅವರು ಹೂಂ ಎಂದರು.

ಪರೀಕ್ಷೆಯ ದಿನ ಶೆಡ್ಡಿನವರೆಲ್ಲ ಬೇಲಿಯ ಹೊರಗೆ ಸೇರಿದ್ದರು. ಪರೀಕ್ಷೆ ಅಂದರೆ, ಕಂಪ್ಯೂಟರಿನ ತಡೆಗಳನ್ನೆಲ್ಲ ಬೇಕೆಂತಲೇ ತೆಗೆದು, ಕೊಕ್ಕರೆಯನ್ನು ಪೂರ್ತಿ ವೇಗದಲ್ಲಿ ಹಿಂದಕ್ಕೆ ಓಡಿಸಿ ಗೂಟಕ್ಕೆ ಬಡಿಸುವುದು. ತಮ್ಮ ಹೊರಗಿನಿಂದಲೇ ಬಟನ್ ಒತ್ತಿದ. ತೋಳು ಹಿಂದಕ್ಕೆ ನುಗ್ಗಿತು. ಢಣ್ ಎಂಬ ಸದ್ದಿಗೆ ಕಿಟಕಿಯ ಗಾಜುಗಳು ನಡುಗಿದವು. ಕೊಕ್ಕರೆ ಗೂಟಕ್ಕೆ ಬೆನ್ನು ಕೊಟ್ಟು ನೆಟ್ಟಗೆ ನಿಂತಿತು. ತಮ್ಮ ಅದನ್ನು ಚೂರು ಮುಂದಕ್ಕೆ ತಂದ ಮೇಲೆ ಎಲ್ಲರೂ ಬಗ್ಗಿ ಗೂಟವನ್ನು ನೋಡಿದರು. ಇದ್ದ ಹಾಗೇ ಇತ್ತು. ಎಳ್ಳಷ್ಟೂ ವಾಲಿರಲಿಲ್ಲ.

ಚಪ್ಪಾಳೆ ಬಿತ್ತು. ಮ್ಯಾನೇಜರ್ ಅಪ್ಪನ ಬೆನ್ನು ತಟ್ಟಿದ. "ಏನು ಗೂಟ ಅಂತೀನಿ. ಬೆಟ್ಟವನ್ನೇ ನಿಲ್ಲಿಸುತ್ತೆ" ಎಂದ. ಅಪ್ಪ ಎಣ್ಣೆಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ನಕ್ಕರು.

ಸ್ಟಾಪರಕ್ಕ ಮಾತ್ರ ಇನ್ನೂ ಗೂಟವನ್ನೇ ನೋಡುತ್ತಿದ್ದಳು. ಬಾಗಿಲ್ಲ. ಬಾಗಬೇಕಿತ್ತು, ಬಾಗಿಲ್ಲ. ಹಾಗಾದರೆ ಅಷ್ಟು ದೊಡ್ಡ ಏಟು ಎಲ್ಲಿಗೆ ಹೋಯಿತು? ಶೆಡ್ಡಿನಲ್ಲಿ ಆ ಪ್ರಶ್ನೆ ಹುಟ್ಟಿದ್ದು ಅವಳೊಬ್ಬಳ ತಲೆಯಲ್ಲಿ. ನಿಲ್ಲಿಸಿ, ಗೇರಿನ ಮುಚ್ಚಳ ಬಿಚ್ಚಿ ನೋಡೋಣ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಅಪ್ಪ ನಗುತ್ತಿದ್ದರು. ಅಮ್ಮ ಹೋದ ಮೇಲೆ ಆ ಮುಖದ ಮೇಲೆ ನಗು ಕಂಡದ್ದು ಅವತ್ತೇ ಮೊದಲು. ಅವರು ಅವಳ ಕಡೆ ತಿರುಗಿ ಹೇಳಿದರು:

"ನಿನ್ನ ತಮ್ಮನಿಗೆ ಹೇಳು. ಇನ್ನು ಧೈರ್ಯವಾಗಿ ಒಳಗೆ ನಿಂತ್ಕೋಬಹುದು ಅಂತ."

ವರ್ಷದಿಂದ ಅವರು ಮಗನಿಗೆ ಹೇಳಿಕಳಿಸಿದ ಮಾತುಗಳಲ್ಲಿ ಇದಕ್ಕಿಂತ ಮೃದುವಾದದ್ದು ಇರಲಿಲ್ಲ. ಅವಳು ತನ್ನ ಮಾತನ್ನು ನುಂಗಿಕೊಂಡು ಅಪ್ಪನ ಮಾತನ್ನು ಸಾಗಿಸಿದಳು.

"ಧೈರ್ಯವಾಗಿ ನಿಂತ್ಕೋಬಹುದಂತೆ ಕಣೋ. ಅಪ್ಪ ಹೇಳ್ತಿದ್ದಾರೆ."

ಅವನು ಅಪ್ಪನ ಕಡೆ ಒಂದು ಸಲ ನೋಡಿ ತಲೆ ತಗ್ಗಿಸಿದ. "ಆಯ್ತು ಅಂತ ಹೇಳಕ್ಕ" ಎಂದ.

ಎಲ್ಲರೂ ಚಹಾಕ್ಕೆ ಹೋದರು. ಅವಳೂ ಹೋದಳು. ಲೋಟ ಹಿಡಿದು ನಿಂತಳು. ಅಪ್ಪನ ನಗು ಇನ್ನೊಂದು ಗಳಿಗೆ ಇರಲಿ, ಚಹಾ ಮುಗಿದ ಮೇಲೆ ಹೇಳುತ್ತೇನೆ ಅಂದುಕೊಂಡಳು. ಆಮೇಲೆ ಅದೂ ತಡೆಯದೆ ಲೋಟವನ್ನು ಅಲ್ಲೇ ಇಟ್ಟು ಶೆಡ್ಡಿಗೆ ಓಡಿದಳು.

ತಮ್ಮ ಚಹಾಕ್ಕೆ ಹೋಗಿರಲಿಲ್ಲ. ಬೇಲಿಯೊಳಗಿದ್ದ. ತೋಳಿನ ಬೆರಳು ಸರಿಯಾಗಿ ಕೂತಿದೆಯೋ ಇಲ್ಲವೋ ನೋಡಲು ಮುಂಭಾಗಕ್ಕೆ ಬಂದು, ಹಲಗೆಯ ಬಟನ್ ಒತ್ತುತ್ತ, ಕೊಕ್ಕರೆಯನ್ನು ಮೆಲ್ಲಗೆ ತನ್ನ ಕಡೆ ಬಾಗಿಸುತ್ತಿದ್ದ. ನೆಟ್ಟಗೆ ನಿಂತ ತೋಳು ತನ್ನ ಭಾರವನ್ನು ತಾನೇ ಹೊತ್ತು ನಿಂತಿರುತ್ತದೆ, ಒಳಗೆ ಹಲ್ಲು ಮುರಿದಿದ್ದರೂ ಹೊರಗೆ ಗೊತ್ತಾಗುವುದಿಲ್ಲ. ಮುಂದಕ್ಕೆ ವಾಲಿದಾಗಲೇ ಭಾರವೆಲ್ಲ ಗೇರಿನ ಮೇಲೆ ಬೀಳುವುದು. ಬ್ರೇಕು ಇರುವುದು ಮೋಟರಿನಲ್ಲಿ. ಮೋಟರಿಗೂ ತೋಳಿಗೂ ನಡುವೆ ಹಲ್ಲುಗಳೇ ಇಲ್ಲವೆಂದರೆ ಬ್ರೇಕು ಏನನ್ನು ಹಿಡಿದುಕೊಳ್ಳಬೇಕು.

"ಹೊರಗೆ ಬಾರೋ" ಎಂದು ಅವಳು ಕೂಗಿದಳು.

ಅಕ್ಕನ ದನಿ ಬಂದ ಕಡೆಗೆ ಅವನು ತಿರುಗಿದ. ಆ ತಿರುಗಿದ್ದೇ ಅವನನ್ನು ಉಳಿಸಿತು. ಒಳಗೆ ಕಟಕಟನೆ ಏನೋ ಉದುರಿದ ಸದ್ದಾಯಿತು, ಕೊಕ್ಕರೆ ಕೈಬಿಟ್ಟ ಹಾಗೆ ಬಿತ್ತು. ತಲೆಗೆ ಬೀಳಬೇಕಾದದ್ದು ಭುಜಕ್ಕೆ ಬಿತ್ತು.

ಆಸ್ಪತ್ರೆಯಲ್ಲಿ ಭುಜದ ಮೂಳೆ ಮುರಿದಿದೆ ಎಂದರು. ಕೂಡುತ್ತದೆ, ಆದರೆ ಕೈ ಮೊದಲಿನಷ್ಟು ಮೇಲೆ ಏಳುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದರು. ಅಪ್ಪ ಕೋಣೆಯ ಒಳಗೆ ಬರಲಿಲ್ಲ, ಬಾಗಿಲ ಹೊರಗೆ ಗೋಡೆಗೆ ಒರಗಿ ನಿಂತೇ ಇದ್ದರು. ಕೆಲಸದ ಅಂಗಿಯ ಮೇಲೆ ಕಬ್ಬಿಣದ ಪುಡಿ ಇನ್ನೂ ಹಾಗೇ ಇತ್ತು. ಅವಳು ಹೊರಗೆ ಬಂದಾಗ ಕೇಳಿದರು:

"ನಿನ್ನ ತಮ್ಮನಿಗೆ ನೀರು ಬೇಕಾ ಕೇಳು."

ತಮ್ಮ ಮಲಗಿದ್ದದ್ದು ಬಾಗಿಲಿಂದ ನಾಲ್ಕು ಹೆಜ್ಜೆ ದೂರದಲ್ಲಿ. ಅವಳು ಒಳಗೆ ಹೋಗಿ ಕೇಳಿದಳು. ಬೇಡ ಎಂದ. ಹೊರಗೆ ಬಂದು ಬೇಡವಂತೆ ಎಂದಳು. ಅಳು ಬರುವುದರಲ್ಲಿತ್ತು, ಅದನ್ನೂ ನುಂಗಿಕೊಂಡಳು.

ಮರುದಿನ ಮ್ಯಾನೇಜರ್ ಅವಳನ್ನು ಕರೆಸಿದ. ಕೆಟ್ಟ ಮನುಷ್ಯನಲ್ಲ. ಹೆದರಿದ್ದ, ಹೆದರಿದವರು ಮಾಡುವ ಹಾಗೆ ತೀರ್ಮಾನಗಳನ್ನು ಬೇಗ ಮಾಡುತ್ತಿದ್ದ.

"ಏಟಿಗೆ ಗೇರು ಮುರಿದಿದೆ. ಅಂದ್ರೆ ಸ್ಟಾಪರ್ ಸಾಲಲಿಲ್ಲ ಅಂತ ತಾನೆ? ಇನ್ನೂ ದಪ್ಪ ಮಾಡಿ. ಉಳಿದ ತೋಳುಗಳಿಗೂ ದಪ್ಪದ್ದೇ ಹಾಕೋಣ. ಸಂಜೆ ಎಲ್ಲರನ್ನೂ ಸೇರಿಸ್ತೀನಿ, ಅಷ್ಟರಲ್ಲಿ ಡ್ರಾಯಿಂಗು ಬದಲಾಗಲಿ."

ಅವಳು ತನ್ನ ಮೇಜಿಗೆ ಬಂದಳು. ಲೆಕ್ಕವನ್ನು ಮೊದಲಿಂದ ಹಾಕಿದಳು. ತನ್ನದೇ ತಪ್ಪಿರಲಿ ಎಂದು ಹಾರೈಸುತ್ತ ಹುಡುಕಿದಳು. ಲೆಕ್ಕ ಸರಿಯಾಗಿತ್ತು. ಕೊನೆಗೆ ಶೆಡ್ಡಿಗೆ ಹೋಗಿ, ಕೊಕ್ಕರೆಯ ಬೆನ್ನಿನಿಂದ ಗೂಟವನ್ನು ಬಿಚ್ಚಿ ತಂದು, ರಬ್ಬರಿನ ಟೋಪಿ ತೆಗೆದು, ವರ್ನಿಯರನ್ನು ಕೈಗೆತ್ತಿಕೊಂಡಳು. ಅಪ್ಪನ ಕೆಲಸವನ್ನು ಅಳೆಯುವುದು ಅದೇ ಮೊದಲು. ಎದುರು ಯಾರೂ ಇರಲಿಲ್ಲ, ಆದರೂ ಕದ್ದು ಏನೋ ಮಾಡುತ್ತಿರುವವಳಂತೆ ಒಮ್ಮೆ ಹಿಂತಿರುಗಿ ನೋಡಿದಳು.

ಕುತ್ತಿಗೆ ಡ್ರಾಯಿಂಗಿಗಿಂತ ದಪ್ಪವಿತ್ತು. ಕಣ್ಣಿಗೆ ಕಾಣುವಷ್ಟಲ್ಲ. ಆದರೆ ಬಾಗುವುದನ್ನು ತಪ್ಪಿಸಲು ಸಾಕಾಗುವಷ್ಟು.

ಅಪ್ಪ ಲೇತಿನ ಮುಂದಿದ್ದರು. ಅವಳು ಗೂಟವನ್ನು ಪಕ್ಕದಲ್ಲಿಟ್ಟಳು. ಅವರು ಅದನ್ನು ನೋಡಿದರು, ಮೆಷಿನ್ನು ನಿಲ್ಲಿಸಿದರು.

"ಅಳೆದೆಯಾ" ಎಂದರು.

"ಅಳೆದೆ. ದಪ್ಪ ಇದೆ ಅಪ್ಪ. ಕೈ ತಪ್ಪಿತಾ?"

"ನನ್ನ ಕೈ ಯಾವತ್ತು ತಪ್ಪಿದೆ? ಬೇಕು ಅಂತಲೇ ಬಿಟ್ಟೆ." ಅವರು ಗೂಟವನ್ನು ಮುಟ್ಟಲಿಲ್ಲ. "ನೀನು ಬಾಗಬೇಕು ಅಂತ ಬರೆದಿದ್ದೆ. ಅವನು ಅದರ ಬೆನ್ನ ಹಿಂದೆಯೇ ನಿಂತಿರ್ತಾನೆ. ಬಾಗೋ ಗೂಟವನ್ನ ನಂಬಿ ನನ್ನ ಮಗನ್ನ ಹೇಗಮ್ಮ ಅಲ್ಲಿ ನಿಲ್ಲಿಸಲಿ?"

ನನ್ನ ಮಗ. ಆ ಮಾತನ್ನು ಅವರ ಬಾಯಲ್ಲಿ ಅವಳು ಕೇಳಿದ ನೆನಪೇ ಇರಲಿಲ್ಲ. ಯಾವಾಗಲೂ ನಿನ್ನ ಮಗ, ಇಲ್ಲವೇ ನಿನ್ನ ತಮ್ಮ.

"ಬಾಗಿದ್ರೂ ಅವನವರೆಗೆ ಬರ್ತಿರಲಿಲ್ಲ. ಬಾಗೋದನ್ನೂ ಲೆಕ್ಕಕ್ಕೆ ಹಿಡಿದೇ ಆ ಹಳದಿ ಗೆರೆ ಎಳೆಸಿದ್ದು. ಹೇಳಿದ್ದೆ ನಿಮಗೆ."

"ಹೇಳಿದ್ದೆ. ಕಿವಿಗೆ ಬಿತ್ತು, ಎದೆಗೆ ಇಳೀಲಿಲ್ಲ." ಅವರು ಸ್ಟೂಲಿನ ಮೇಲೆ ಕೂತರು. ಕೂರುವಾಗ ಲೇತಿನ ಅಂಚು ಹಿಡಿದುಕೊಂಡರು. "ಇಷ್ಟು ವರ್ಷ ನಾನು ಮಾಡಿದ್ದು ಯಾವುದೂ ಬಾಗಿಲ್ಲ ಕಣಮ್ಮ. ಬಾಗೋದನ್ನ ಮಾಡೋಕೆ ಕೈ ಬರಲಿಲ್ಲ. ಅದೂ ಅವನು ನಿಲ್ಲೋ ಜಾಗಕ್ಕೆ."

ಬೈಯಲು ಬಂದಿದ್ದಳು, ಆದರೆ ಅವಳಿಗೂ ಹೇಳುವುದಿತ್ತು.

"ಬಾಗಿಲ್ಲ ಅನ್ನೋದನ್ನ ನಿನ್ನೆ ನಾನು ಆಗಲೇ ನೋಡಿದೆ ಅಪ್ಪ. ಒಳಗೆ ಏನೋ ಮುರಿದಿರುತ್ತೆ ಅಂತ ಗೊತ್ತಾಯ್ತು. ನೀವು ನಗ್ತಾ ಇದ್ರಿ. ಸುಮ್ಮನಾದೆ. ಧೈರ್ಯವಾಗಿ ನಿಂತ್ಕೋ ಅಂತ ಅವನಿಗೆ ನಾನೇ ಹೇಳಿದೆ."

ಅಪ್ಪ ಅವಳನ್ನೇ ನೋಡಿದರು. 

ಸಂಜೆ ಎಲ್ಲರೂ ಸೇರಿದಾಗ ಮ್ಯಾನೇಜರ್ ದಪ್ಪ ಗೂಟದ ಮಾತು ತೆಗೆದ. ಸುತ್ತ ಕೂತವರೆಲ್ಲ ಸರಿ ಸರಿ ಎಂದು ತಲೆಯಾಡಿಸಿದರು. ಸ್ಟಾಪರಕ್ಕ ಎದ್ದು ನಿಂತಳು. ದಪ್ಪ ಮಾಡಿದರೆ ಇನ್ನೊಬ್ಬರ ಭುಜ ಮುರಿಯುತ್ತದೆ, ಇಲ್ಲ ತಲೆ ಹೋಗುತ್ತದೆ ಎಂದಳು. ಗೂಟ ಡ್ರಾಯಿಂಗಿಗಿಂತ ದಪ್ಪವಿತ್ತು, ಅಳೆಯದೆ ಹಾಕಿಸಿದ್ದು ತಾನು, ಬಾಗದೆ ನಿಂತದ್ದನ್ನು ಕಂಡೂ ಬಾಯಿಮುಚ್ಚಿಕೊಂಡಿದ್ದು ತಾನು ಎಂದಳು. ಯಾರು ಕಡೆದದ್ದು ಎಂದು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ನೆಲ ನೋಡುತ್ತ ಕೂತರು.

ಹಿಂದಿನ ಸಾಲಿನಿಂದ ಅಪ್ಪ ಎದ್ದರು. "ಅವಳು ಅಳೆಯಬೇಕಾಗಿ ಬಂದಿದ್ದೇ ನನ್ನ ತಪ್ಪು. ದಪ್ಪ ಬಿಟ್ಟವನು ನಾನು, ಬೇಕು ಅಂತಲೇ ಬಿಟ್ಟೆ. ಅವಳ ಲೆಕ್ಕ ಸರಿ ಇದೆ. ಇನ್ನೊಂದು ಕಡೆದು ಕೊಡ್ತೀನಿ, ಅವಳು ಹೇಳಿದಷ್ಟೇ ಸಣ್ಣಗೆ. ಎಲ್ಲರ ಮುಂದೆ ಅಳೀರಿ."

ಮ್ಯಾನೇಜರ್ ಅವರನ್ನು ಕೆಲಸದಿಂದ ತೆಗೆಯಲಿಲ್ಲ. ಇನ್ನು ಮುಂದೆ ಅವರ ಪ್ರತಿ ತುಂಡೂ ವರ್ನಿಯರ್ ಕೆಳಗೆ ಹೋಗಬೇಕು ಎಂದ. ತೆಗೆದಿದ್ದರೇ ವಾಸಿಯಿತ್ತೇನೋ ಅಂತ ಕೆಲವರಿಗೆ ಅನ್ನಿಸಿತು. ಅಪ್ಪ ಮಾತ್ರ ಸರಿ ಎಂದು ಹೊರಗೆ ಹೋದರು.

ಹೊಸ ಗೂಟವನ್ನು ಅವರು ಕಡೆದ ದಿನ ಸ್ಟಾಪರಕ್ಕ ದೂರದಿಂದ ನೋಡುತ್ತಿದ್ದಳು. ಕೊನೆಯ ಸುತ್ತು ಬಂದಾಗ ಅವರ ಕೈ ನಿಂತಿತು. ಮುಂದೆ ಹೋಗಲು ಮನಸ್ಸಿಲ್ಲದವರಂತೆ ನಿಂತರು. ಆಮೇಲೆ ಉಸಿರು ಬಿಗಿಹಿಡಿದು ಆ ಕೂದಲೆಳೆಯನ್ನೂ ಕಡೆದು ತೆಗೆದರು. ತಪಾಸಣೆಯವನು ಅಳೆಯುವಾಗ ಅವನ ಕಿವಿ ಕೆಂಪಾಗಿತ್ತು, ಅಪ್ಪನದಲ್ಲ.

ಕೊಕ್ಕರೆಗೆ ಹೊಸ ಗೇರು ಬಂದ ಮೇಲೆ ಮತ್ತೆ ಪರೀಕ್ಷೆಯಾಯಿತು. ತಮ್ಮ ಬಂದಿದ್ದ. ಎಡಗೈ ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿತ್ತು, ಬಟನ್ ಒತ್ತಲು ಬಲಗೈ ಸಾಕು ಎಂದು ಹಟ ಹಿಡಿದಿದ್ದ. ಗೂಟವನ್ನು ದಪ್ಪ ಬಿಟ್ಟದ್ದು ಯಾಕೆ ಎಂಬುದನ್ನು ಅಕ್ಕ ಅವನಿಗೆ ಹೇಳಿದ್ದಳು. ಈ ಸಲ ಒಂದು ಅಕ್ಷರವನ್ನೂ ಬದಲಿಸದೆ, ಮೃದು ಮಾಡದೆ ಹೇಳಿದ್ದಳು. ಕೇಳಿ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

ತೋಳು ಹಿಂದಕ್ಕೆ ನುಗ್ಗಿತು. ಈ ಸಲ ಢಣ್ ಎನ್ನಲಿಲ್ಲ. ಮಂದವಾದ, ದೀರ್ಘವಾದ ಒಂದು ಸದ್ದು ಬಂತು. ಕೊಕ್ಕರೆ ಗೂಟದ ಮೇಲೆ ಒರಗಿ, ಒರಗುತ್ತ ವೇಗ ಕಳೆದುಕೊಂಡು, ಹಳದಿ ಗೆರೆಗೆ ಇನ್ನೂ ಜಾಗವಿರುವಾಗಲೇ ನಿಂತಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಗೇರಿನ ಮುಚ್ಚಳ ಬಿಚ್ಚಿ, ದೀಪ ಹಿಡಿದು, ಒಂದೊಂದೇ ಹಲ್ಲನ್ನು ನೋಡಿದರು. ಒಂದಕ್ಕೂ ಏನೂ ಆಗಿರಲಿಲ್ಲ. ವಿದ್ಯುತ್ ತೆಗೆದ ಮೇಲೆ ಅಪ್ಪ ಬೇಲಿಯೊಳಗೆ ಹೋಗಿ ಗೂಟವನ್ನು ಬಿಚ್ಚಿ ತಂದರು. ಕುತ್ತಿಗೆ ವಾಲಿ, ತಲೆ ಒಂದು ಕಡೆಗೆ ತಿರುಗಿತ್ತು. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಗುಜರಿಯ ಡಬ್ಬಿಗೆ ಹಾಕಲಿಲ್ಲ, ಅಂಗಿಯ ಜೇಬಿಗೆ ಹಾಕಿಕೊಂಡರು. ಜೇಬು ಜೋತುಬಿತ್ತು.

ಮನೆಗೆ ಬಂದು ಮೂವರೂ ಮುಂದಿನ ಕೋಣೆಯಲ್ಲಿ ಕೂತರು. ಸಂಜೆಯ ಬಿಸಿಲು ಇನ್ನೂ ನೆಲದ ಮೇಲಿತ್ತು, ನಾಲ್ಕು ತೂತುಗಳೂ ಕಾಣುತ್ತಿದ್ದವು. ಅಪ್ಪ ಗೂಟವನ್ನು ಜೇಬಿನಿಂದ ತೆಗೆದು ನೆಲದ ಮೇಲಿಟ್ಟರು.

"ಇದನ್ನ ಬಿಸಿ ಮಾಡಿ, ಬಡಿದು ನೆಟ್ಟಗೆ ಮಾಡಿದ್ರೆ ಮತ್ತೆ ಹಾಕೋಕೆ ಬರಲ್ವಾ?"

"ಇಲ್ಲಪ್ಪ" ಎಂದಳು ಅವಳು. "ಒಂದು ಏಟಿಗೆ ಮಾತ್ರ. ನೆಟ್ಟಗೆ ಮಾಡಿದ್ರೆ ನೋಡೋಕೆ ಹೊಸದರ ಹಾಗೇ ಕಾಣುತ್ತೆ. ಒಳಗೆ ಸೋತಿರುತ್ತೆ. ಇನ್ನೊಂದು ಏಟಿಗೆ ತಡೆಯಲ್ಲ."

ಅಪ್ಪ ಗೂಟದ ವಾಲಿದ ಕುತ್ತಿಗೆಯ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಮಂಚ ಇದ್ದ ಜಾಗವನ್ನು ನೋಡಿದರು.

"ನಮ್ಮಿಬ್ಬರ ನಡುವೆ ನಿಮ್ಮಮ್ಮನ್ನ ದಿನಾ ನೆಟ್ಟಗೆ ಮಾಡಿ ಮಾಡಿ ನಿಲ್ಲಿಸಿದ್ವಿ" ಎಂದರು.

ತಮ್ಮ ತಲೆಯೆತ್ತಿದ. ಅವನ ಮುಖ ಕೆಂಪಾಯಿತು. ಏನೋ ಹೇಳಲು ಅವನು ಅಕ್ಕನ ಕಡೆ ತಿರುಗಿದ. ಅವಳೂ ಅಭ್ಯಾಸಬಲದಿಂದ ಆಗಲೇ ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಅಪ್ಪ ಕೈಯೆತ್ತಿ ಅವಳನ್ನು ತಡೆದರು. ಅವರು ನೋಡುತ್ತಿದ್ದದ್ದು ಮಗನನ್ನು.

"ಇವಳನ್ನೂ ಹಾಗೆ ಮಾಡೋದು ಬೇಡ ಕಣೋ."

 ತಮ್ಮ ಒಂದು ಸಲ ಉಸಿರೆಳೆದುಕೊಂಡ.

"ಬೇಡಪ್ಪ" ಎಂದ. ನೆಲದ ತೂತುಗಳ ಕಡೆ ನೋಡಿ, "ಲೇತು ತೆಗೆಯೋಕೆ ಮುಂಚೆ ನಿಮ್ಮನ್ನ ಕೇಳಬೇಕಿತ್ತು" ಎಂದ.

"ಹೂಂ. ಕೇಳಬೇಕಿತ್ತು." ಅಪ್ಪನ ದನಿ ಒರಟಾಗಿಯೇ ಇತ್ತು. ಅದನ್ನು ಮೃದು ಮಾಡಲು ನಡುವೆ ಯಾರೂ ಇರಲಿಲ್ಲ. ಮಗ ಅದನ್ನು ಹಾಗೇ ತೆಗೆದುಕೊಂಡ. "ಕೈ ಎಷ್ಟು ಏಳುತ್ತೆ, ಎತ್ತು ನೋಡೋಣ."

ಅವನು ಜೋಳಿಗೆಯಿಂದ ಕೈ ಬಿಡಿಸಿಕೊಂಡು ಎತ್ತಿದ. ಭುಜದ ಮಟ್ಟಕ್ಕೆ ಬರುವಷ್ಟರಲ್ಲಿ ನೋವಿಗೆ ಕಣ್ಣು ಮುಚ್ಚಿದ. ಅಪ್ಪ ಮುಂದಕ್ಕೆ ಸರಿದು, ಅವನ ಮೊಣಕೈಯ ಕೆಳಗೆ ತಮ್ಮ ಅಂಗೈ ಕೊಟ್ಟರು.

ಅವಳು ಎದ್ದು ಅಡುಗೆಮನೆಗೆ ಹೋದಳು. ಅಷ್ಟು ದಿನ ನುಂಗಿಕೊಂಡಿದ್ದ ಅಳು ಅಲ್ಲಿ ಬಂತು, ತಡೆಯಲಿಲ್ಲ. ಹೊರಗಿನ ಕೋಣೆಯಿಂದ ಇಬ್ಬರ ದನಿಯೂ ಕೇಳಿಸುತ್ತಿತ್ತು. ಒಮ್ಮೆ ಅಪ್ಪನ ದನಿ ಏರಿತು, ತಮ್ಮನದೂ ಏರಿತು. ಅವಳು ಒಲೆಯ ಮುಂದೆ ನಿಂತಲ್ಲೇ ನಿಂತಳು, ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಎರಡೂ ದನಿ ತಾವಾಗಿಯೇ ಇಳಿದವು.